ರಕ್ತಕ್ಕಿಂತ ಮೊದಲು ಏಳುವ ಅತ್ತೆ

ನಮ್ಮ ಅತ್ತೆ ಮೊದಲ ಸಲ ಬಿದ್ದಾಗ ನಾನು ಶಾಲೆಯಿಂದ ಆಗಷ್ಟೇ ಬಂದಿದ್ದೆ. ಬೇಸಿಗೆ, ಮುಂಜಾನೆಯ ಶಾಲೆ. ಬಿಸಿಲಲ್ಲಿ ಸ್ಕೂಟಿ ಓಡಿಸಿಕೊಂಡು ಬಂದು ತಲೆ ಸಿಡಿಯುತ್ತಿತ್ತು. ಒಂದು ತಂಬಿಗೆ ನೀರು ಕುಡಿದು ಹತ್ತು ನಿಮಿಷ ಅಡ್ಡಾಗಬೇಕು ಎನ್ನುವುದೊಂದೇ ಆಸೆ. ಅತ್ತೆ ಒಳಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ದಡಕ್ಕನೆ ಎದ್ದರು, ಎರಡು ಹೆಜ್ಜೆ ಇಟ್ಟರು, ಬಾಗಿಲು ಹಿಡಿಯಲು ಕೈ ಚಾಚಿದರು. ಬಾಗಿಲು ಸಿಗಲಿಲ್ಲ. ಹೊಸ್ತಿಲ ಮೇಲೆ ಬಿದ್ದರು. ಹಣೆ ಒಡೆದು ರಕ್ತ ಬಂತು.

ಪಡಸಾಲೆಯಲ್ಲಿ ದೊಡ್ಡ ಮಾವ ಇದ್ದರು. ತೀರಿಹೋದ ನಮ್ಮ ಮಾವನವರ ಅಣ್ಣ, ಎಂಬತ್ತೈದು ದಾಟಿದ ಜೀವ. ಪಕ್ಕದ ಮನೆಯೇ ಅವರದು. ಆಗಷ್ಟೇ ಒಳಗೆ ಬಂದಿದ್ದ ಅವರು ಕೋಲು ಊರಿಕೊಂಡು ನಿಂತಲ್ಲೇ, "ಯವ್ವಾ, ನೀರ ಹೊಡಿ, ಮಾರಿಗಿ ನೀರ ಹೊಡಿ" ಎಂದು ನನಗೆ ಕೂಗಿದರು. ನಾನು, ಅಂಗಡಿಗೆ ರಜೆಯೆಂದು ಅವತ್ತು ಮನೆಯಲ್ಲಿದ್ದ ನನ್ನ ಗಂಡ ಸೇರಿ ಅತ್ತೆಯನ್ನು ಎತ್ತಿ ಹೊರಸಿನ ಮೇಲೆ ಮಲಗಿಸಿದೆವು. ಮನೆಯಲ್ಲೇ ಬೀಪಿ ನೋಡುವ ಯಂತ್ರವಿತ್ತು. ಪಟ್ಟಿ ಸುತ್ತಿ ಗುಂಡಿ ಒತ್ತಿದೆ. ನೂರಾ ಎಂಬತ್ತು ತೋರಿಸಿತು.

"ನೋಡ, ನಾ ಹೇಳ್ಲಿಲ್ಲಾ? ಬೀಪಿ ಏರಿ ಬಿದ್ದಾಳ ಅವ್ವ" ಎಂದರು ನನ್ನ ಗಂಡ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ. ಅವರ ಮಾತಿಗೆ ಎದುರಾಡುವ ಶಕ್ತಿ ನನಗೆ ಉಳಿದಿರಲಿಲ್ಲ. ಎದುರಾಡಲು ಕಾರಣವೂ ಕಾಣಲಿಲ್ಲ. ಯಂತ್ರವೇ ಹೇಳುತ್ತಿತ್ತಲ್ಲ.

ನಾನು ಗಡಿಯಾಚೆ, ಮರಾಠಿ ಸೀಮೆಯಲ್ಲಿರುವ ಕನ್ನಡ ಮಾಧ್ಯಮದ ಶಾಲೆಯ ಟೀಚರು. ಪಾಠ ಕನ್ನಡದಲ್ಲಿ, ಕಾಗದ ಪತ್ರವೆಲ್ಲ ಮರಾಠಿಯಲ್ಲಿ. ಪಾಠ ಮಾಡಿ ದಣಿದದ್ದಕ್ಕಿಂತ ಫಾರ್ಮು ತುಂಬಿ ದಣಿದದ್ದೇ ಹೆಚ್ಚು. ಏಳನೆಯ ತರಗತಿಗೆ ವಿಜ್ಞಾನ ಹೇಳುತ್ತೇನೆ. ಹೃದಯದ ಚಿತ್ರ ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ಕಣ್ಣು ಮುಚ್ಚಿ ಬರೆಯಬಲ್ಲೆ. ಅಂಥವಳು ಮನೆಯಲ್ಲಿ ಮಾಡಿದ ಕೆಲಸ ಕೇಳಿ. ಡಾಕ್ಟರು ಅತ್ತೆಗೆ ಬೀಪಿಗೆಂದು ಒಂದು ಗುಳಿಗೆ, ಮೂತ್ರ ಹೆಚ್ಚು ಹೋಗಲೆಂದು ಇನ್ನೊಂದು ಗುಳಿಗೆ ಕೊಟ್ಟಿದ್ದರು. ಬಿದ್ದ ದಿನದಿಂದ ನಾನೇ ನನ್ನ ಬುದ್ಧಿವಂತಿಕೆಯಿಂದ ಬೀಪಿ ಗುಳಿಗೆಯನ್ನು ಒಂದೂವರೆ ಮಾಡಿದೆ. ಊಟದಲ್ಲಿ ಉಪ್ಪು ತೆಗೆದೆ. ಸಾರು, ಪಲ್ಯ, ರೊಟ್ಟಿಯ ಜೊತೆಗಿನ ಹಿಂಡಿ, ಯಾವುದಕ್ಕೂ ಉಪ್ಪಿಲ್ಲ.

"ಇದೇನ ಸಾರೋ, ಅರಿವಿ ಹಿಂಡಿದ ನೀರೋ?" ಎನ್ನುತ್ತಿದ್ದರು ಅತ್ತೆ.

"ನಿಮ್ಮ ಸಲುವಾಗೇ ಮಾಡೇನ್ರಿ ಅತ್ಯಾರ. ಬೀಪಿ ಐತಿ ನಿಮಗ."

"ಬೀಪಿ ನನಗೈತಿ, ಸೊಕ್ಕ ನಿನಗೈತಿ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಓಣಿಯ ಹೆಂಗಸರು ನಗುತ್ತಿದ್ದರು. ನನ್ನ ಕಾಲ ಬಂದಿದೆ ಎಂದು ನನಗೇನೂ ಅನ್ನಿಸಲಿಲ್ಲ. ಎರಡು ಬಗೆಯ ಅಡುಗೆ ಮಾಡಿ ಕೈ ಸೋತದ್ದಷ್ಟೇ ನನಗೆ ಬಂದದ್ದು.

ಹದಿನೈದು ದಿನಕ್ಕೆ ಮತ್ತೆ ಬಿದ್ದರು. ಜೋಳ ಹಸನು ಮಾಡುತ್ತ ಕೂತವರು ಎದ್ದು ಮೊರದ ಮೇಲೆಯೇ ಬಿದ್ದು ಜೋಳವೆಲ್ಲ ಚೆಲ್ಲಾಪಿಲ್ಲಿ. ಮಲಗಿಸಿ ನೋಡಿದರೆ ಬೀಪಿ ಮತ್ತೆ ಹೆಚ್ಚು. ಮೂರನೆಯ ಸಲ ಮಣಿಕಟ್ಟು ಬಾತುಕೊಂಡಿತು. ಆಗಲೂ ಹೆಚ್ಚು. ನೋಡಲು ಬಂದ ಕರಜಗಿಯ ಬೀಗರು, "ಬಳ್ಳೊಳ್ಳಿ ತಿನ್ನಿಸ್ರಿ, ಬೀಪಿ ಜರ್ರನ ಇಳೀತೈತಿ" ಎಂದರು. ಅದನ್ನೂ ಮಾಡಿದೆ. ದಿನಾ ಮುಂಜಾನೆ ಬರಿಹೊಟ್ಟೆಯಲ್ಲಿ ಎರಡು ಹಸಿ ಬೆಳ್ಳುಳ್ಳಿ ಎಸಳು. ಅತ್ತೆ ಮುಖ ಕಿವುಚಿ ನುಂಗಿ ನನ್ನನ್ನು ನೋಡುವ ನೋಟದಲ್ಲಿ ಶಾಪವಿತ್ತು.

ನನಗೆ ಭಯ ಹತ್ತಿದ್ದು ಮಣಿಕಟ್ಟು ನೋಡಿದ ಮೇಲೆ. ಇವತ್ತು ಮಣಿಕಟ್ಟು, ನಾಳೆ ಸೊಂಟ. ನಮ್ಮ ಓಣಿಯಲ್ಲೇ ಸೊಂಟದ ಎಲುಬು ಮುರಿದ ಇಬ್ಬರು ಹಾಸಿಗೆ ಹಿಡಿದು ಮತ್ತೆ ಏಳಲಿಲ್ಲ. ನಿಜ ಹೇಳಿಬಿಡುತ್ತೇನೆ: ಅತ್ತೆಯ ನೋವು ನೆನೆದು ಎಷ್ಟು ಕಣ್ಣೀರು ಬಂತೋ, ನನ್ನ ಪಾಡು ನೆನೆದೂ ಅಷ್ಟೇ ಬಂತು. ಎತ್ತುವವಳು ನಾನು, ತೊಳೆಯುವವಳು ನಾನು, ಮುಂಜಾನೆ ಏಳಕ್ಕೆ ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲುವವಳೂ ನಾನೇ.

ಆ ವಾರ ಆರೋಗ್ಯ ಉಪಕೇಂದ್ರದ ಸಿಸ್ಟರ್ ನಮ್ಮ ಓಣಿಗೆ ಬಂದರು. ಮರಾಠಿ ಮನೆಮಾತಿನ ಹುಡುಗಿ, ಸೋನ್ಯಾಳದ ಕಡೆಗೆ ಮದುವೆಯಾಗಿ ಬಂದು ಕನ್ನಡ ಕಲಿತವರು; ಆದರೂ ಟೀಚರಿಗೆ ಬಾಯಿ, ಅಜ್ಜಿಯರಿಗೆ ಆಯಿ ಎಂದೇ ಕರೆಯುವವರು. ನಾನು ಬರೆದಿಟ್ಟ ಬೀಪಿಯ ಅಂಕಿಗಳನ್ನೆಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದರು.

"ಬಾಯಿ, ಇವನ್ನೆಲ್ಲ ಆಯಿ ಮಲಗಿದಾಗ ನೋಡೀರಿ. ನಿಂತಾಗ ಒಮ್ಮೆರ ನೋಡೀರೇನು?"

ನಿಂತಾಗ ಯಾರು ನೋಡುತ್ತಾರೆ? ಬೀಪಿ ಎಂದರೆ ಕೂತು, ಇಲ್ಲವೇ ಮಲಗಿ ಕೈ ಚಾಚುವುದು. ಸಿಸ್ಟರ್ ಅತ್ತೆಯನ್ನು ಐದು ನಿಮಿಷ ಸುಮ್ಮನೆ ಮಲಗಿಸಿದರು. ನೂರಾ ಅರವತ್ತು. ಆಮೇಲೆ ನಾನೊಂದು ಕಡೆ ಅವರೊಂದು ಕಡೆ ಹಿಡಿದು ನಿಲ್ಲಿಸಿದೆವು. ನಿಂತ ಒಂದು ನಿಮಿಷಕ್ಕೆ ನೂರಾ ಹತ್ತು. ಅತ್ತೆಯ ತುಟಿ ಬಿಳುಚಿತು. "ಕಣ್ಣಿಗಿ ಕತ್ತಲಿ ಬರಾಕತ್ತೈತಿ" ಎಂದರು. ಲಗುಬಗೆಯಿಂದ ಕೂರಿಸಿದೆವು.

"ಬೀಪಿ ಏರಿ ಬೀಳವಲ್ರು ಬಾಯಿ, ಇಳದು ಬೀಳಾಕತ್ತಾರ" ಎಂದರು ಸಿಸ್ಟರ್.

ಏರಿದೆ ಎಂದು ತಿಳಿದು ಇಳಿಸುವ ಗುಳಿಗೆಯನ್ನು ಒಂದೂವರೆ ಮಾಡಿದವಳು ನಾನು. ಉಪ್ಪು ತೆಗೆದು, ಬಿಸಿಲುಗಾಲದಲ್ಲಿ ಮೈಯ ನೀರು ಇನ್ನಷ್ಟು ಇಳಿಸಿದವಳು ನಾನು. ಬಿದ್ದವರನ್ನು ಮಲಗಿಸಿದೊಡನೆ ರಕ್ತ ಮತ್ತೆ ತಲೆಯ ಕಡೆ ಬರುತ್ತದೆ, ಪೆಟ್ಟಿನ ನೋವು, ಹೆದರಿಕೆ ಬೇರೆ. ಯಂತ್ರ ಹೆಚ್ಚು ತೋರಿಸದೆ ಏನು ಮಾಡೀತು? ಊರ ಮಕ್ಕಳಿಗೆ ಹೃದಯ ಕಲಿಸುವ ಟೀಚರು ಮನೆಯ ಮುದುಕಿಯನ್ನು ತಾನೇ ಬೀಳಿಸುತ್ತಿದ್ದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವುದು ಇದಕ್ಕೇ ಇರಬೇಕು.

ಆಮೇಲೆ ನಾನು ಓದಿಕೊಂಡೆ, ಡಾಕ್ಟರನ್ನೂ ಕೇಳಿ ತಿಳಿದುಕೊಂಡೆ. ನಾವು ಮಲಗಿದ್ದಾಗ ರಕ್ತ ತಲೆಯಿಂದ ಕಾಲಿನವರೆಗೆ ಸಮನಾಗಿ ಹರಿದಾಡುತ್ತಿರುತ್ತದೆ. ಎದ್ದು ನಿಂತೊಡನೆ ಅದರಲ್ಲಿ ಒಂದು ದೊಡ್ಡ ಪಾಲು ಕಾಲಿಗೆ, ಹೊಟ್ಟೆಗೆ ಇಳಿಯುತ್ತದೆ. ಇಳಿದದ್ದು ಮೊದಲು ಗೊತ್ತಾಗುವುದು ಕುತ್ತಿಗೆಗೆ. ದವಡೆಯ ಕೆಳಗೆ ಬೆರಳಿಟ್ಟರೆ ನಾಡಿ ಹಾರುವ ಜಾಗವಿದೆಯಲ್ಲ, ಅಲ್ಲಿ ರಕ್ತನಾಳದ ಗೋಡೆಯೊಳಗೆ ಸಣ್ಣ ನರಗಳ ತುದಿಗಳಿವೆ. ಎದೆಯ ದೊಡ್ಡ ರಕ್ತನಾಳದ ಬಾಗಿನಲ್ಲೂ ಇವೆ. ನಾಳ ಎಷ್ಟು ಹಿಗ್ಗಿದೆ ಎಂದು ಅವು ಪ್ರತಿ ಬಡಿತಕ್ಕೂ ಮಿದುಳಿಗೆ ಸುದ್ದಿ ಕೊಡುತ್ತಿರುತ್ತವೆ. ಹಿಗ್ಗುವುದು ಕಡಿಮೆಯಾದರೆ ಸುದ್ದಿಯೂ ಕಡಿಮೆ. ಆಗ ಮಿದುಳು ಹೃದಯಕ್ಕೆ ಬೇಗ ಹೊಡಿ ಎನ್ನುತ್ತದೆ, ಕಾಲು ಹೊಟ್ಟೆಗಳ ನಾಳಗಳಿಗೆ ಬಿಗಿ ಹಿಡಿ ಎನ್ನುತ್ತದೆ. ಹತ್ತಿಪ್ಪತ್ತು ಬಡಿತಗಳೊಳಗೆ ಎಲ್ಲ ಸರಿಹೋಗಿ ನಾವು ಚಹಾ ಲೋಟ ಹಿಡಿದು ನಡೆದೇ ಬಿಟ್ಟಿರುತ್ತೇವೆ. ಇಷ್ಟೆಲ್ಲ ನಡೆದದ್ದೇ ನಮಗೆ ಗೊತ್ತಿರುವುದಿಲ್ಲ.

ಅತ್ತೆಗೆ ಇದನ್ನು ನಮ್ಮೂರ ನಳದ ಲೆಕ್ಕದಲ್ಲಿ ಹೇಳಿದೆ. ದಿಬ್ಬದ ಓಣಿಗೆ ನೀರು ಏರದಿದ್ದರೆ ನೀರು ಬಿಡುವವನು ಓಡಿ ಬಂದು ತಗ್ಗಿನ ಓಣಿಯ ವಾಲ್ವು ಬಿಗಿ ಮಾಡುತ್ತಾನಲ್ಲ, ನಿಮ್ಮ ಮೈಯಲ್ಲೂ ಅಂಥವನೊಬ್ಬನಿದ್ದಾನೆ, ಈಗ ಅವನಿಗೂ ವಯಸ್ಸಾಗಿದೆ, ಸಾವಕಾಶ ಬರುತ್ತಾನೆ, ಮೇಲಾಗಿ ನಮ್ಮ ಗುಳಿಗೆ ಅವನ ಕೈ ಹಿಡಿದು ಹಿಂದಕ್ಕೆ ಎಳೆಯುತ್ತದೆ ಎಂದೆ. ಅತ್ತೆ ಪೂರ್ತಿ ಕೇಳಿದರು.

"ಅಂದ್ರ ನಾ ಏಳ್ತೀನಿ, ನನ್ನ ರಕ್ತ ಏಳೂದಿಲ್ಲ" ಎಂದರು.

"ಹೌದ್ರಿ. ಅದು ಏಳೂತನಕ ನೀವು ತಡೀಬೇಕು."

ಆದರೆ ಅದಕ್ಕೂ ಮೊದಲು, ಸಿಸ್ಟರ್ ಬಂದ ದಿನವೇ, ಇನ್ನೊಂದು ಮಾತು ಹೊರಬಿತ್ತು. "ಆಯಿ ಯಾವಾಗ ಬೀಳ್ತಾರ?" ಎಂದು ಸಿಸ್ಟರ್ ಕೇಳಿದ್ದಕ್ಕೆ ನಾನು, "ಯಾವಾಗಂತ ಏನ್ರಿ, ಸುಮ್ಮನ ಬೀಳ್ತಾರ" ಎಂದೆ. ಅತ್ತೆಗೆ ಸಿಟ್ಟು ಬಂತು.

"ಸುಮ್ಮನ ಬೀಳಾಕ ನನಗೇನ ಹುಚ್ಚ ಹಿಡದೈತೇನ? ಭಾವಾರು ಬಂದಾಗ ಏಳಬೇಕಲ್ಲ?"

ನಾನು ಒಂದೊಂದೇ ಸಲ ನೆನೆದು ನೋಡಿದೆ. ಮೂರು ಸಲವೂ ದೊಡ್ಡ ಮಾವ ಮನೆಯಲ್ಲೇ ಇದ್ದರು. ಅವರು ದಿನಕ್ಕೆ ಐದಾರು ಸಲ ಬರುವುದು ನಮಗೆಷ್ಟು ರೂಢಿಯಾಗಿತ್ತೆಂದರೆ ಅದನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ತಮ್ಮ ಸತ್ತಂದಿನಿಂದ ತಮ್ಮನ ಮನೆ ನೋಡಿಕೊಳ್ಳುವುದು ತಮ್ಮ ಪಾಲಿನ ಕೆಲಸ ಎಂದು ಅವರು ತಿಳಿದಿದ್ದರು. ಪೂಜೆ ಮುಗಿಸಿ, ವಿಭೂತಿ ಒಣಗುವ ಮೊದಲೇ ಒಂದು ಸಲ. ಪೇಪರು ಬಂದಾಗ ಒಂದು ಸಲ. ಹಾಲು ಬಂತೇ, ಹುಡುಗ ಅಂಗಡಿಗೆ ಹೋದನೇ, ಕೇಳಲು ಒಂದೊಂದು ಸಲ. ಅವರ ಬಾಯಲ್ಲಿ ಹುಡುಗ ಎಂದರೆ ಐವತ್ತೆರಡು ವರ್ಷದ ನನ್ನ ಗಂಡ.

ಹಳೆಯ ಮಂದಿಯ ಪದ್ಧತಿಯಂತೆ ಅವರು ಹೆಂಗಸರಿರುವ ಮನೆಗೆ ಕೆಮ್ಮದೆ ಕಾಲಿಡುವುದಿಲ್ಲ. ಬಾಗಿಲಲ್ಲಿ ಎರಡು ಸಲ ಕೆಮ್ಮುತ್ತಾರೆ. ಕೆಮ್ಮು ಕಿವಿಗೆ ಬಿದ್ದೊಡನೆ ಅತ್ತೆ, ಮಲಗಿರಲಿ, ಉಣ್ಣುತ್ತಿರಲಿ, ದಡಬಡಿಸಿ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಮರೆಗೆ ನಿಲ್ಲಬೇಕು. ಗಂಡನ ಅಣ್ಣನ ಮುಂದೆ ಕೂರುವುದಿಲ್ಲ. ಮಾತಂತೂ ಇಲ್ಲವೇ ಇಲ್ಲ. ಮದುವೆಯಾಗಿ ಅರವತ್ತು ವರ್ಷ, ಒಂದೇ ಒಂದು ಮಾತು ಅವರಿಬ್ಬರ ನಡುವೆ ನೇರವಾಗಿ ಆಡಿದ್ದಿಲ್ಲ. "ಕೇಳ, ಚಾ ತುಗೊಂತಾರೇನು?" ಎಂದು ಅತ್ತೆ ನನಗೆ ಹೇಳುತ್ತಾರೆ. ಐದು ಮೊಳದಾಚೆ ಕೂತ ದೊಡ್ಡ ಮಾವನಿಗೆ ಅದು ಸ್ಪಷ್ಟವಾಗಿ ಕೇಳಿಸಿರುತ್ತದೆ. ಆದರೂ ನಾನು, "ಮಾವಾರ, ಚಾ ತುಗೊಂತೀರೇನ್ರಿ?" ಎನ್ನಬೇಕು. "ಬ್ಯಾಡ ಅಂತ ಹೇಳವ್ವ" ಎಂದು ಅವರು ನನಗೆ ಹೇಳುತ್ತಾರೆ. ನಾನು ತಿರುಗಿ, "ಬ್ಯಾಡಂತ್ರಿ" ಎನ್ನಬೇಕು. ಇಪ್ಪತ್ತಾರು ವರ್ಷದಿಂದ ಈ ಟಪಾಲು ಹೊರುತ್ತಿದ್ದೇನೆ. ಅದಕ್ಕೆ ಮೊದಲು ತೀರಿಹೋದ ನನ್ನ ಮಾವ ಹೊರುತ್ತಿದ್ದರಂತೆ.

ಜತ್ತಿನ ಡಾಕ್ಟರು ಗುಳಿಗೆ ಬದಲಿಸಿದರು, ಒಂದನ್ನು ನಿಲ್ಲಿಸಿದರು. ಕೇಳದೆ ಹೆಚ್ಚು ಕಡಿಮೆ ಮಾಡಬೇಡಿ ಎಂದು ನನಗೆ ಬೈದರು. ಊಟಕ್ಕೆ ಹದಕ್ಕೆ ಉಪ್ಪು ಬಂತು, ಬಳ್ಳೊಳ್ಳಿ ಹೋಯಿತು. ಏಳುವಾಗ ಮೊದಲು ಹೊರಸಿನ ಅಂಚಿಗೆ ಕೂರಬೇಕು, ಕಾಲು ಇಳಿಬಿಟ್ಟು ಪಾದ ಆಡಿಸಬೇಕು, ಇಪ್ಪತ್ತು ಎಣಿಸಬೇಕು, ಆಮೇಲೆ ಹಿಡಿದುಕೊಂಡು ನಿಲ್ಲಬೇಕು. ಅತ್ತೆ ಸಣ್ಣ ಹುಡುಗಿಯಂತೆ ಎಲ್ಲ ಕಲಿತರು. ಬಚ್ಚಲಿಗೆ ಹೋಗುವಾಗ ಎಣಿಸುತ್ತಿದ್ದರು, ಊಟಕ್ಕೆ ಏಳುವಾಗ ಎಣಿಸುತ್ತಿದ್ದರು. ಬಾಗಿಲಲ್ಲಿ ಕೆಮ್ಮು ಕೇಳಿದರೆ ಮಾತ್ರ ಒಂದೂ ಇಲ್ಲ ಎರಡೂ ಇಲ್ಲ, ನೇರ ಇಪ್ಪತ್ತೇ. ಎರಡು ಸಲ ನಾನು ಓಡಿಹೋಗಿ ತೋಳು ಹಿಡಿದೆ. ಎರಡನೆಯ ಸಲ ಅವರ ಭಾರಕ್ಕೆ ನಾನೂ ಗೋಡೆಗೆ ಬಡಿದುಕೊಂಡೆ. ನಾನು ಶಾಲೆಯಲ್ಲಿದ್ದಾಗ ಹಿಡಿಯುವವರು ಯಾರು? ಪಾಠದ ನಡುವೆ ಆಫೀಸಿನ ಫೋನು ಹೊಡೆದುಕೊಂಡರೆ ಹಲಗೆ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ.

"ಏಳಬ್ಯಾಡ್ರಿ ಅತ್ಯಾರ, ಕೈ ಮುಗೀತೀನಿ" ಎಂದೆ ಒಂದು ದಿನ.

"ಅರವತ್ತು ವರ್ಷದ ಮರ್ಯಾದಿ ಒಂದು ಗುಳಗಿ ಸಲುವಾಗಿ ಬಿಡ್ಲೇನು? ನಾಳೆ ನಾಕು ಮಂದಿ ಏನಂದಾರು?"

"ನಾಕು ಮಂದಿ ನಿಮ್ಮನ್ನ ಎತ್ತಾಕ ಬರೂದಿಲ್ರಿ. ನಾ ಒಬ್ಬಾಕಿನೇ ಎತ್ತಬೇಕು."

ಅತ್ತೆ ಮುಖ ತಿರುಗಿಸಿದರು. ಗಂಡನಿಗೆ ಹೇಳಿದೆ, ನೀವಾದರೂ ದೊಡ್ಡಪ್ಪನಿಗೆ ಹೇಳಿ ಎಂದು. "ದೊಡ್ಡವರಿಗೆ ಬರಬ್ಯಾಡ್ರಿ ಅಂತ ಹೆಂಗ ಹೇಳೂದು? ನಾಲಿಗಿ ಏಳೂದಿಲ್ಲ ನಂದು" ಎಂದು ಅಂಗಡಿಗೆ ಹೋದರು. ಮನೆಯಲ್ಲಿ ಯಾರ ನಾಲಿಗೆಯೂ ಏಳುವುದಿಲ್ಲ, ಏಳಬಾರದ ಮುದುಕಿ ಮಾತ್ರ ಏಳುತ್ತಾರೆ. ನನಗೆ ಸಾಕಾಗಿಹೋಗಿತ್ತು. ಆ ದಿನ ಸಂಜೆ ನಾನೇ ಪಕ್ಕದ ಮನೆಗೆ ಹೋಗಿ ದೊಡ್ಡ ಮಾವನ ಮುಂದೆ ನಿಂತೆ. ಕುತ್ತಿಗೆಯ ನರ, ಕಾಲಿಗಿಳಿಯುವ ರಕ್ತ, ಮೂರು ಸಲ ಬಿದ್ದದ್ದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಧ್ವನಿ ಏರಿತು. "ನೀವು ಬಂದಾಗೆಲ್ಲ ಏಳಾಕ ಹೋಗಿ ಬೀಳ್ತಾರ್ರಿ ಮಾವಾರ. ಮುಂದಿನ ಸಲ ಸೊಂಟ ಮುರೀತೈತಿ" ಎಂದೆ.

ಮಾವ ಕೋಲನ್ನು ಗೋಡೆಗೆ ಆನಿಸಿಟ್ಟರು. "ನಾ ಏಳು ಅಂದೇನೇನವ್ವ ಯಾವಾಗರ?" ಎಂದರು.

"ಕುಂದ್ರು ಅಂತನೂ ಅಂದಿಲ್ರಿ."

ಆ ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಾನು ಮನೆಗೆ ಬಂದೆ.

ಮರುದಿನ ಕೆಮ್ಮು ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಅತ್ತೆ ಬೀಳಲಿಲ್ಲ, ನಿಜ. ಆದರೆ ಪಡಸಾಲೆಯ ಖಾಲಿ ಖುರ್ಚಿಯ ಕಡೆ ನೋಡುತ್ತ ಕೂತರು. ಪೇಪರು ಯಾರೂ ಬಿಚ್ಚದೆ ಮಡಚಿದಂತೆಯೇ ಬಿದ್ದಿತ್ತು. "ಭಾವಾರು ಯಾಕ ಬರವಲ್ರು?" ಎಂದು ಮುಂಜಾನೆ ಕೇಳಿದರು, ಮಧ್ಯಾಹ್ನ ಕೇಳಿದರು. ಎರಡನೆಯ ದಿನ ಅರ್ಧ ರೊಟ್ಟಿ ತಿಂದು ತಾಟು ಸರಿಸಿದರು.

"ನೀ ಏನರ ಅಂದಿ ಅವರಿಗಿ. ಖರೇ ಹೇಳು."

ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ನಿಮ್ಮ ಮಾವ ಹೋದಮ್ಯಾಲ ಈ ಮನಿಗಿ ಗಂಡಸರ ಸಪ್ಪಳ ಅಂದ್ರ ಅದೊಂದ ಇತ್ತವಾ" ಎಂದರು. "ಹುಡುಗ ಮುಂಜಾನೆ ಹೋದ್ರ ರಾತ್ರಿ ಬರ್ತಾನ, ನೀ ಸಾಲಿಗಿ ಹೋಗ್ತಿ. ಅವರು ಬಂದು ಕೆಮ್ಮಿದ್ರ, ಹಾಂ, ಯಾರೋ ಅದಾರ ಅನಸ್ತಿತ್ತು. ಅದನ್ನೂ ಕಳದಿ."

ಒಂದು ಜೀವ ಬೀಳದಂತೆ ಹಿಡಿಯಲು ಹೋಗಿ ಅದರ ಆಸರೆಯನ್ನೇ ತೆಗೆದಿದ್ದೆ. ಹಾಗೆಂದು ಮತ್ತೆ ಕರೆದರೆ ಸೊಂಟ. ಆ ದಿನ ನನ್ನ ತಲೆ ಓಡಲೇ ಇಲ್ಲ, ಅಷ್ಟು ಸುಸ್ತಾಗಿತ್ತು. ಪಕ್ಕದ ಮನೆಗೆ ಹೋಗಿ, ತಪ್ಪಾಯಿತು, ಬರ್ರಿ ಎಂದಷ್ಟೇ ಹೇಳಿ ಬಂದೆ.

ಮೂರನೆಯ ದಿನ ರವಿವಾರ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಪಡಸಾಲೆಯ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದರು. ಬಾಗಿಲಲ್ಲಿ ಕೆಮ್ಮು ಕೇಳಿತು. ಒಂದೇ ಸಲ, ಅಳುಕುತ್ತ ಕೆಮ್ಮಿದಂತೆ. ಹಿಟ್ಟಿನ ಕೈಯಲ್ಲೇ ನಾನು ಓಡಿದೆ. ಅತ್ತೆಯ ಕಾಲು ಆಗಲೇ ಹೊರಸಿನಿಂದ ಇಳಿದಿತ್ತು, ಮೈ ಮುಂದಕ್ಕೆ ಬಾಗಿತ್ತು. ನಾನು ಹತ್ತಿರ ಹೋಗುವಷ್ಟರಲ್ಲಿ ಅವರು ಎರಡೂ ಕೈಯಿಂದ ಹೊರಸಿನ ಪಟ್ಟಿ ಬಿಗಿಯಾಗಿ ಹಿಡಿದರು. ಬೆರಳಿನ ಗೆಣ್ಣು ಬೆಳ್ಳಗಾದವು. ಏಳಲಿಲ್ಲ. ಒಂದು ಕೈ ಬಿಡಿಸಿ ಸೆರಗು ತಲೆಯ ಮೇಲೆ ಎಳೆದುಕೊಂಡರು.

ಮಾವ ಹೊಸ್ತಿಲು ದಾಟಿ ಬಂದು ನಿಂತರು. ಅತ್ತೆ ಕೂತಿರುವುದನ್ನು ಅರವತ್ತು ವರ್ಷದಲ್ಲಿ ಅವರು ನೋಡಿದ್ದು ಅದೇ ಮೊದಲು. ತಮ್ಮ ಖುರ್ಚಿಯ ಕಡೆ ಹೋಗಲಿಲ್ಲ. ಕೋಲಿನ ಮೇಲೆ ಎರಡೂ ಕೈಯಿಟ್ಟು, ತಲೆ ಬಗ್ಗಿಸಿ, ಬಾಗಿಲ ಹತ್ತಿರವೇ ನಿಂತುಬಿಟ್ಟರು. ನಾನು, "ಕುಂದ್ರಿ ಮಾವಾರ" ಎಂದೆ. ಅವರು ಕೂರಲಿಲ್ಲ. ಹಾಗೇ ನಿಂತಿದ್ದರು.

ಸೆರಗಿನೊಳಗಿಂದ ಅತ್ತೆಯ ದನಿ ಬಂತು. ನನಗಲ್ಲ.

"ಕುಂದ್ರಿ ಭಾವಾರ. ನಿಮಗೂ ವಯಸ್ಸಾಗೈತಿ, ನಿಂತು ಬಿದ್ದೀರಿ ಗಿದ್ದೀರಿ."

ಮಾವ ಗಾಬರಿಯಿಂದ ನನ್ನ ಮುಖ ನೋಡಿದರು. ಎಂದಿನಂತೆ ಅವರಿಗೆ ಉತ್ತರ ಹೇಳಲು ನಾನು ಬೇಕಿತ್ತು. ನಾನು ಬಾಯಿ ಬಿಡಲಿಲ್ಲ. ಅವರ ತುಟಿ ಎರಡು ಸಲ ಅಲುಗಿತು. ಆಮೇಲೆ ನಿಧಾನವಾಗಿ ಅತ್ತೆಯ ಕಡೆ ತಿರುಗಿದರು.

"ಹೂಂನವ್ವ" ಎಂದರು. "ಕುಂದರ್ತೀನಿ."